ಮಳೆ, ಚಳಿ, ಬೇಸಿಗೆ: ಸಲೀಂ ಅಲಿ ಹಕ್ಕಿ ನೋಡಿದ ಬಗೆ

ನಮ್ಮ ಮನೆಗಳಲ್ಲಿ ಹುಡುಗ ಓದಿನಲ್ಲಿ ಹಿಂದೆ ಬಿದ್ದರೆ ಎರಡು ದಾರಿ ತಯಾರಾಗಿಯೇ ಇರ್ತದೆ. ಒಂದು, ಮಾಮನ ಅಂಗಡಿಯಲ್ಲಿ ಕೂತುಕೊಳ್ಳುವುದು. ಇನ್ನೊಂದು, ಪಾಸ್‌ಪೋರ್ಟ್ ಮಾಡಿಸಿ ಗಲ್ಫಿಗೆ ಹೋಗುವುದು. ಎರಡೂ ಕೆಟ್ಟ ದಾರಿಯೇನಲ್ಲ, ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಅದರಿಂದಲೇ. ನೂರು ವರ್ಷಗಳ ಹಿಂದೆ ಮುಂಬೈಯ ಒಂದು ಮುಸ್ಲಿಂ ಕುಟುಂಬದ ಹುಡುಗನಿಗೂ ಇಂಥದ್ದೇ ದಾರಿ ತೋರಿಸಿದ್ದರು. ಮೆಟ್ರಿಕ್ ಕಷ್ಟದಲ್ಲಿ ದಾಟಿದ್ದ ಅವನನ್ನು ವ್ಯಾಪಾರ ಕಲಿಯಲಿ ಅಂತ ಬರ್ಮಾಕ್ಕೆ ಕಳಿಸಿದರು. ವ್ಯಾಪಾರ ಅವನ ಕೈ ಹತ್ತಲಿಲ್ಲ. ಕೈ ಹತ್ತಿದ್ದು ಒಂದು ನೋಟ್‌ಬುಕ್. ಯಾವ ದಿನ, ಯಾವ ಜಾಗದಲ್ಲಿ, ಯಾವ ಹಕ್ಕಿ, ಏನು ಮಾಡುತ್ತಿತ್ತು ಅಂತ ಬರೆದಿಡುವ ಅಭ್ಯಾಸ.

ಆ ಹುಡುಗನೇ ಸಲೀಂ ಮೊಯಿಝುದ್ದೀನ್ ಅಬ್ದುಲ್ ಅಲಿ. ದೇಶ ಅವರನ್ನು ಪಕ್ಷಿತಜ್ಞ ಡಾ. ಸಲೀಂ ಅಲಿ ಎಂದು ನೆನಪಿಟ್ಟುಕೊಂಡಿದೆ. ಅವರು ಹುಟ್ಟಿದ ನವೆಂಬರ್ 12ನ್ನು ರಾಷ್ಟ್ರೀಯ ಪಕ್ಷಿ ದಿನವಾಗಿ ಆಚರಿಸುತ್ತಾರೆ. ಹೆಸರು ಎಲ್ಲರಿಗೂ ಗೊತ್ತುಂಟು. ಆದರೆ ಅವರು ಏನು ಮಾಡಿದರು, ಹೇಗೆ ಮಾಡಿದರು ಎಂಬುದು ನಮ್ಮ ಮಕ್ಕಳಿಗೆ ಅಷ್ಟಾಗಿ ಗೊತ್ತಿಲ್ಲ.

ಗುಬ್ಬಚ್ಚಿಯ ಕುತ್ತಿಗೆಯ ಹಳದಿ

ಸಲೀಂ ಹುಟ್ಟಿದ್ದು 1896ರಲ್ಲಿ, ಸುಲೈಮಾನಿ ಬೋಹ್ರಾ ಕುಟುಂಬದ ಒಂಬತ್ತನೆಯ, ಕೊನೆಯ ಮಗುವಾಗಿ. ಒಂದು ವರ್ಷ ಆಗುವಾಗ ತಂದೆ ತೀರಿಕೊಂಡರು, ಮೂರು ವರ್ಷಕ್ಕೆ ಉಮ್ಮನೂ ಹೋದರು. ಈ ಯತೀಮ್ ಮಕ್ಕಳನ್ನೆಲ್ಲ ಸಾಕಿದ್ದು ತಾಯಿಯ ಅಣ್ಣ ಅಮೀರುದ್ದೀನ್ ತಯ್ಯಬ್ಜಿ ಮತ್ತು ಅವರ ಹೆಂಡತಿ ಹಮೀದಾ ಬೇಗಂ. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಮುಂಬೈಯ ಖೇತ್ವಾಡಿಯಲ್ಲಿದ್ದ ಆ ತುಂಬಿದ ಮನೆಯೇ ಮಕ್ಕಳ ಪ್ರಪಂಚ.

ಅಮೀರುದ್ದೀನರಿಗೆ ಬೇಟೆಯ ಹುಚ್ಚು. ಸೋದರಳಿಯನಿಗೂ ಒಂದು ಏರ್‌ಗನ್ ಕೊಡಿಸಿದ್ದರು. ಹುಡುಗನ ಗುರಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಗುಬ್ಬಚ್ಚಿಗಳು. ಹಾಗೆ ಹೊಡೆದ ಒಂದು ಗುಬ್ಬಚ್ಚಿಯ ಕುತ್ತಿಗೆಯಲ್ಲಿ ಹಳದಿ ಕಲೆ ಕಂಡಿತು. ಊರ ಗುಬ್ಬಚ್ಚಿಗೆ ಅದು ಇರುವುದಿಲ್ಲ. ಇದನ್ನು ತಿಂದರೆ ಹಲಾಲ್ ಆಗ್ತದಾ ಇಲ್ವಾ ಎಂಬ ಸಂಶಯದಿಂದ ಹುಡುಗ ಅದನ್ನು ಮಾಮನ ಹತ್ತಿರ ತಂದ. ಮಾಮನಿಗೂ ಅದು ಯಾವ ಹಕ್ಕಿ ಅಂತ ತಿಳಿಯಲಿಲ್ಲ. ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸದಸ್ಯರಾಗಿದ್ದರು. ಅಲ್ಲಿನ ಗೌರವ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಇಂಗ್ಲಿಷ್ ಸಾಹೇಬರಿಗೆ ಒಂದು ಚೀಟಿ ಬರೆದು ಹುಡುಗನನ್ನೇ ಕಳಿಸಿಕೊಟ್ಟರು.

ಮಿಲ್ಲಾರ್ಡ್ ಹಕ್ಕಿಯ ಗುರುತು ಹೇಳಿದರು. ಅಷ್ಟಕ್ಕೇ ಬಿಡದೆ ಸೊಸೈಟಿಯಲ್ಲಿ ಜೋಡಿಸಿಟ್ಟಿದ್ದ ಹಕ್ಕಿಗಳ ಸಂಗ್ರಹವನ್ನು ತೆಗೆದು ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಹಕ್ಕಿಯ ಚರ್ಮ ಬಿಡಿಸಿ ಕೆಡದಂತೆ ಇಡುವುದನ್ನೂ ಅಲ್ಲಿ ಕಲಿಸಿದರು. ಗೊತ್ತಿಲ್ಲದ ಒಂದು ವಿಷಯವನ್ನು ಮಗು ಕೇಳಿದಾಗ ಸುಮ್ಮನಿರು ಅಂತ ಗದರಿಸದೆ, ಗೊತ್ತಿದ್ದವರ ಹತ್ತಿರ ಕಳಿಸಿದ ಆ ಮಾಮನ ಪಾಲು ಈ ಕಥೆಯಲ್ಲಿ ಸಣ್ಣದಲ್ಲ.

ಆ ಪ್ರಾಯದಲ್ಲೇ ಸಲೀಂ ಬರೆದ ಒಂದು ಟಿಪ್ಪಣಿ ಉಳಿದುಕೊಂಡಿದೆ. ಮನೆಯ ಕುದುರೆ ಲಾಯದ ಗೋಡೆಯ ತೂತಿನಲ್ಲಿ ಗುಬ್ಬಚ್ಚಿ ಗೂಡು ಕಟ್ಟಿತ್ತು. ಹೊರಗೆ ಕಾವಲಿದ್ದ ಗಂಡನ್ನು ಹುಡುಗ ಹೊಡೆದ. ಸ್ವಲ್ಪದರಲ್ಲೇ ಹೆಣ್ಣಿಗೆ ಇನ್ನೊಂದು ಗಂಡು ಜೊತೆಯಾಯಿತು. ಅದನ್ನೂ ಹೊಡೆದ. ಹೀಗೆ ಏಳು ದಿನದಲ್ಲಿ ಎಂಟು ಗಂಡು ಗುಬ್ಬಚ್ಚಿ. ಓದುವಾಗ ಮನಸ್ಸಿಗೆ ಹಿಂಸೆಯಾಗ್ತದೆ ನಿಜ. ಆದರೆ ಹತ್ತು ವರ್ಷದ ಹುಡುಗ ತಾನು ಮಾಡಿದ್ದನ್ನೂ ಕಂಡದ್ದನ್ನೂ ಲೆಕ್ಕ ಸಮೇತ ಬರೆದಿಟ್ಟಿದ್ದ. ದಶಕಗಳು ಕಳೆದು ಅವರೇ ಅದನ್ನು ಪ್ರಕಟಿಸಿದರು.

ಡಿಗ್ರಿ ಇಲ್ಲ, ಕೆಲಸವೂ ಇಲ್ಲ

ಓದು ಸರಾಗವಾಗಿ ಸಾಗಲಿಲ್ಲ. ಸದಾ ತಲೆನೋವು. ಶಾಲೆ ಬಿಡಿಸಿ ಸಿಂಧ್‌ನಲ್ಲಿದ್ದ ಬಂಧುಗಳ ಮನೆಗೆ ಕಳಿಸಿದ್ದೂ ಉಂಟು. 1913ರಲ್ಲಿ ಹೇಗೋ ಮೆಟ್ರಿಕ್ ಪಾಸಾಯಿತು. ಕಾಲೇಜು ಅರ್ಧಕ್ಕೆ ನಿಂತಿತು. ಬರ್ಮಾದ ತವಾಯ್ ಎಂಬಲ್ಲಿ ಕುಟುಂಬದವರಿಗೆ ವುಲ್ಫ್ರಂ ಗಣಿ ಮತ್ತು ಮರದ ವ್ಯಾಪಾರ ಇತ್ತು. ಅಲ್ಲಿಗೆ ಹೋದ ಸಲೀಂಗೆ ಅಂಗಡಿಯ ಲೆಕ್ಕಕ್ಕಿಂತ ಸುತ್ತಲಿನ ಕಾಡೇ ಹೆಚ್ಚು ಹಿಡಿಸಿತು. 1917ರಲ್ಲಿ ಮುಂಬೈಗೆ ವಾಪಸ್.

ಮನೆಯವರ ಒತ್ತಾಯಕ್ಕೆ ದಾವರ್ ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಮತ್ತು ಲೆಕ್ಕಪತ್ರ ಕಲಿಯಲು ಸೇರಿದರು. ಅದೇ ಹೊತ್ತಿಗೆ ಸೇಂಟ್ ಕ್ಸೇವಿಯರ್ಸ್ ಕಾಲೇಜಿನ ಫಾದರ್ ಬ್ಲಾಟರ್ ಈ ಹುಡುಗನ ಆಸಕ್ತಿ ಯಾವ ಕಡೆ ಅಂತ ಗುರುತಿಸಿ, ಪ್ರಾಣಿಶಾಸ್ತ್ರದ ತರಗತಿಗೆ ಕೂರಿಸಿದರು. 1918ರ ಡಿಸೆಂಬರಿನಲ್ಲಿ ತೆಹ್ಮಿನಾ ಜೊತೆ ನಿಕಾಹ್ ಆಯಿತು. ಆಕೆ ಇಂಗ್ಲೆಂಡಿನಲ್ಲಿ ಓದಿದವರು, ಉರ್ದು ಕವಿತೆಯಲ್ಲಿ ಅಭಿರುಚಿ ಇದ್ದವರು.

ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯದಲ್ಲಿ ಪಕ್ಷಿತಜ್ಞರ ಹುದ್ದೆ ಖಾಲಿಯಾದಾಗ ಸಲೀಂ ಅಲಿಗೆ ಅದು ಸಿಗಲಿಲ್ಲ. ಕಾರಣ, ವಿಶ್ವವಿದ್ಯಾಲಯದ ಡಿಗ್ರಿ ಇರಲಿಲ್ಲ. 1926ರಲ್ಲಿ ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಬಂದವರಿಗೆ ಪ್ರಾಣಿ ಪಕ್ಷಿಗಳ ಬಗ್ಗೆ ವಿವರಿಸುವ ಕೆಲಸ ಸಿಕ್ಕಿತು. ತಿಂಗಳಿಗೆ 350 ರೂಪಾಯಿ ಸಂಬಳ. ಎರಡು ವರ್ಷಕ್ಕೆ ರಜೆ ಹಾಕಿ ಜರ್ಮನಿಗೆ ಹೋದರು. ಬರ್ಲಿನ್ನಿನಲ್ಲಿ ಆ ಕಾಲದ ದೊಡ್ಡ ಪಕ್ಷಿ ವಿಜ್ಞಾನಿ ಎರ್ವಿನ್ ಸ್ಟ್ರೆಸೆಮಾನ್ ಅವರಿಗೆ ಗುರುವಾದರು. ಹೆಲಿಗೋಲ್ಯಾಂಡ್ ದ್ವೀಪದಲ್ಲಿ ಹಕ್ಕಿಯ ಕಾಲಿಗೆ ಉಂಗುರ ತೊಡಿಸಿ ಬಿಡುವ ವಿದ್ಯೆಯನ್ನೂ ಕಂಡು ಕಲಿತರು.

1930ರಲ್ಲಿ ಊರಿಗೆ ಬಂದು ನೋಡಿದರೆ ಹಣ ಇಲ್ಲ ಅಂತ ಮ್ಯೂಸಿಯಂನ ಆ ಹುದ್ದೆಯನ್ನೇ ತೆಗೆದುಹಾಕಿದ್ದರು. ವಯಸ್ಸು 33. ಮನೆಯಲ್ಲಿ ಹೆಂಡತಿ, ಕೈಯಲ್ಲಿ ಜರ್ಮನಿಯ ತರಬೇತಿ, ಆದರೆ ಕೆಲಸ ಇಲ್ಲ.

ಮಳೆಗಾಲ: ಗೀಜಗನ ಊರು

ಮುಂಬೈಯಲ್ಲಿ ಬಾಡಿಗೆ ಕೊಟ್ಟು ಕೂರುವ ಸ್ಥಿತಿ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಅಲಿಬಾಗ್ ಹತ್ತಿರದ ಕಿಹಿಂ ಎಂಬ ಕಡಲ ತೀರದ ಹಳ್ಳಿಗೆ ಹೋದರು. ಅಲ್ಲಿ ತೆಹ್ಮಿನಾ ಮನೆಯವರದ್ದೊಂದು ಮನೆ ಇತ್ತು. ಮಳೆ ಹಿಡಿದಾಗ ಆ ಮನೆಯ ಹತ್ತಿರದ ಮರಗಳಲ್ಲಿ ಗೀಜಗ ಹಕ್ಕಿಗಳು ಗೂಡು ನೇಯಲು ಶುರು ಮಾಡಿದವು. ಬೇರೆಯವರಾಗಿದ್ದರೆ ಕೆಲಸಕ್ಕೆ ಅರ್ಜಿ ಬರೆಯುತ್ತಾ ಆ ಮಳೆಗಾಲ ಕಳೆಯುತ್ತಿದ್ದರು. ಸಲೀಂ ಅಲಿ ಮರೆ ಕಟ್ಟಿಕೊಂಡು, ಆ ಗೂಡುಗಳ ಎದುರು ಗಂಟೆಗಟ್ಟಲೆ, ದಿನಗಟ್ಟಲೆ ಕೂತರು.

ಗೀಜಗನ ಗೂಡು ನಮ್ಮ ಕರಾವಳಿಯಲ್ಲೂ ಎಲ್ಲರೂ ಕಂಡದ್ದೇ. ತಾಳೆ ಮರದಲ್ಲೋ ತೆಂಗಿನ ಗರಿಯಲ್ಲೋ ತಲೆಕೆಳಗಾದ ಸೋರೆಬುರುಡೆಯ ಹಾಗೆ ನೇತಾಡ್ತದೆ. ಭತ್ತದ ಎಲೆ, ಹುಲ್ಲು ಸೀಳಿ ನೇಯುವುದು ಗಂಡು. ಅದು ಗೂಡನ್ನು ಅರ್ಧಕ್ಕೆ ನಿಲ್ಲಿಸಿ ಹೆಣ್ಣಿಗಾಗಿ ಕಾಯುತ್ತದೆ. ಹೆಣ್ಣು ಬಂದು ಒಳಗೆ ಹೊರಗೆ ನೋಡುತ್ತದೆ. ಇಷ್ಟವಾದರೆ ಉಳಿಯುತ್ತದೆ, ಇಲ್ಲದಿದ್ದರೆ ಮುಂದಿನ ಗೂಡಿಗೆ ಹೋಗುತ್ತದೆ. ಹೆಣ್ಣು ಒಪ್ಪಿದ ಮೇಲೆಯೇ ಗಂಡು ಉಳಿದ ನೇಯ್ಗೆ, ಕೊಳವೆಯ ಬಾಗಿಲು ಎಲ್ಲ ಮುಗಿಸುವುದು. ಮೊಟ್ಟೆಗೆ ಕಾವು ಕೊಡುವ ಕೆಲಸ ಹೆಣ್ಣಿನದು. ಅಷ್ಟು ಹೊತ್ತಿಗೆ ಗಂಡು ಇನ್ನೊಂದು ಗೂಡು ಹಿಡಿದು, ಇನ್ನೊಂದು ಹೆಣ್ಣಿಗಾಗಿ ಕಾಯತೊಡಗಿರುತ್ತದೆ.

ಇವತ್ತು ಇದು ಪಾಠಪುಸ್ತಕದ ಮಾತು. ಆದರೆ ಈ ಬದುಕನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಿದ್ದು ಕಿಹಿಂನಲ್ಲಿ ಕೆಲಸವಿಲ್ಲದೆ ಕೂತಿದ್ದ ಮನುಷ್ಯ. ಆ ಲೇಖನ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಮೇಲೆ ಪಕ್ಷಿ ವಿಜ್ಞಾನಿಗಳ ನಡುವೆ ಅವರ ಹೆಸರು ನಿಂತಿತು. ಒಂದು ದಿನ ನೋಡಿದ್ದರೆ ಗೂಡು ಕಾಣುತ್ತಿತ್ತು, ಅಷ್ಟೆ. ಗೀಜಗನ ಸಂಸಾರ ಅರ್ಥವಾಗಲು ಒಂದು ಇಡೀ ಮಳೆಗಾಲ ಬೇಕಾಯಿತು.

ಸಂಸ್ಥಾನಗಳ ಕಾಡಿನಲ್ಲಿ

ಮುಂದೆ ಅವರು ತಮ್ಮ ಕೆಲಸವನ್ನು ತಾವೇ ಹುಟ್ಟಿಸಿಕೊಂಡರು. ಅನೇಕ ಸಂಸ್ಥಾನಗಳಲ್ಲಿ ಯಾವ ಹಕ್ಕಿ ಎಲ್ಲಿದೆ ಎಂಬ ಸರಿಯಾದ ದಾಖಲೆ ಇರಲಿಲ್ಲ. ಸಂಬಳ ಬೇಡ, ಕ್ಯಾಂಪಿನ ಖರ್ಚು ಕೊಟ್ಟರೆ ಸಾಕು, ಸಮೀಕ್ಷೆ ಮಾಡಿಕೊಡುತ್ತೇನೆ ಎಂಬುದು ಅವರ ಲೆಕ್ಕಾಚಾರ. ಹೈದರಾಬಾದಿನಿಂದ ಶುರುವಾಯಿತು. 1933ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ. ಆಮೇಲೆ ಗ್ವಾಲಿಯರ್, ಇಂದೋರ್, ಭೋಪಾಲ್. ಗಾಡಿಯಲ್ಲಿ, ಕಾಲ್ನಡಿಗೆಯಲ್ಲಿ ತಿರುಗಾಟ, ಗುಡಾರದಲ್ಲಿ ವಾಸ. ಕ್ಯಾಂಪಿನ ಊಟ, ಸಾಮಾನು, ವ್ಯವಸ್ಥೆ ಎಲ್ಲ ತೆಹ್ಮಿನಾ ನೋಡಿಕೊಳ್ಳುತ್ತಿದ್ದರು. ಶಹರದಲ್ಲಿ ಬೆಳೆದ ಆಕೆ ಗಂಡನ ಜೊತೆ ಕಾಡು ಸುತ್ತಿದರು.

ಅಧ್ಯಯನಕ್ಕಾಗಿ ಆ ಕಾಲದಲ್ಲಿ ಹಕ್ಕಿಗಳನ್ನು ಹೊಡೆದು ಸಂಗ್ರಹಿಸಲೇಬೇಕಿತ್ತು, ಅವರೂ ಹೊಡೆದರು. ಅದಕ್ಕಾಗಿ ಟೀಕೆಯೂ ಬಂದಿದೆ. ಆದರೆ ಸತ್ತ ಹಕ್ಕಿಯ ಅಳತೆ ತೆಗೆಯುವುದಕ್ಕಿಂತ ಜೀವಂತ ಹಕ್ಕಿ ಏನು ಮಾಡ್ತದೆ ಅಂತ ನೋಡುವುದರಲ್ಲೇ ಅವರಿಗೆ ಹೆಚ್ಚು ಆಸಕ್ತಿ.

1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ಬೆನ್ನಿಗೆ ತೆಹ್ಮಿನಾ ತೀರಿಕೊಂಡರು. ಇಪ್ಪತ್ತು ವರ್ಷದ ಜೊತೆ ಕಳಚಿತು. ಮಕ್ಕಳಿರಲಿಲ್ಲ. ತಂಗುವುದಕ್ಕೆ ಬಾಂದ್ರಾದ ಪಾಲಿ ಹಿಲ್‌ನಲ್ಲಿ ಅಕ್ಕ ಕಮೂ ಮತ್ತು ಭಾವನ ಮನೆ ಇತ್ತು. ದುಃಖ ಮರೆಯಲು ಇದ್ದದ್ದು ಮತ್ತದೇ ಕೆಲಸ. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ನದಿಯ ನಡುಗಡ್ಡೆಗಳಲ್ಲಿ ಸಾವಿರಾರು ನೀರುಹಕ್ಕಿಗಳು ಮರಿ ಮಾಡುವುದನ್ನು ಕಂಡರು. ಆ ಜಾಗವನ್ನು ಕಾಪಾಡುವಂತೆ ಮೈಸೂರಿನ ಒಡೆಯರ ಮನವೊಲಿಸಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. ಶಾಲೆಯ ಪ್ರವಾಸದಲ್ಲಿ ನಾವೆಲ್ಲ ದೋಣಿ ಹತ್ತುವ ರಂಗನತಿಟ್ಟು ಅದೇ.

1941ರಲ್ಲಿ ಅವರ ಭಾರತದ ಹಕ್ಕಿಗಳ ಪುಸ್ತಕ ಇಂಗ್ಲಿಷಿನಲ್ಲಿ ಬಂತು. ವಿಜ್ಞಾನ ಓದದವರೂ ಕೈಯಲ್ಲಿ ಹಿಡಿದು ಹಕ್ಕಿ ಗುರುತಿಸಬಹುದಾದ ಪುಸ್ತಕ. ಜೈಲಿನಲ್ಲಿದ್ದ ನೆಹರೂ ಅದನ್ನು ಮಗಳು ಇಂದಿರಾಗೆ ಕಳಿಸಿದ್ದರು. ಇವತ್ತಿಗೂ ಅದು ಮರುಮುದ್ರಣ ಆಗುತ್ತಲೇ ಇದೆ.

ಬೇಸಿಗೆ ಮತ್ತು ಚಳಿಗಾಲ: ಬರುವವರು, ಹೋಗುವವರು

ಹಕ್ಕಿಗಳಲ್ಲಿ ಕೆಲವು ವರ್ಷವಿಡೀ ಇಲ್ಲೇ ಇರುವವು. ಕೆಲವು ಚಳಿಗಾಲಕ್ಕೆ ಮಾತ್ರ ಬಂದು ಹೋಗುವ ಪರದೇಶಿಗಳು. ಗಲ್ಫಿನಿಂದ ರಜೆಗೆ ಊರಿಗೆ ಬರುವವರ ಹಾಗೆ ಅವಕ್ಕೂ ಒಂದು ಸಮಯ ಉಂಟು. ಆದರೆ ಮರಿ ಮಾಡುವ ಅವುಗಳ ನಿಜವಾದ ಊರು ಉತ್ತರದಲ್ಲಿ. 1945ರಲ್ಲಿ ಸಲೀಂ ಅಲಿ ಕೈಲಾಸ ಮಾನಸ ಸರೋವರದ ಕಡೆ ಕಾಲ್ನಡಿಗೆಯಲ್ಲಿ ಹೋದರು. ಬೇಸಿಗೆಯಲ್ಲಿ ಹಿಮ ಕರಗಿದಾಗ ಮಾತ್ರ ಆ ದಾರಿ ತೆರೆಯುತ್ತದೆ. ಯಾತ್ರಿಕರು ದೇವರಿಗಾಗಿ ಹೋಗುವ ಜಾಗಕ್ಕೆ ಇವರು ಹೋದದ್ದು ಹಕ್ಕಿಗಳಿಗಾಗಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಮರಿ ಮಾಡುವುದು ಹಿಮಾಲಯದ ಆಚೆಗಿನ ಇಂಥ ಎತ್ತರದ ಸರೋವರಗಳ ಬದಿಯಲ್ಲೇ. ಅದೇ ವರ್ಷ ಕಛ್‌ನ ರಣದ ನಡುವೆ ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು, ಲಕ್ಷಗಟ್ಟಲೆ ಸೇರಿ ಕೆಸರಿನ ಗೂಡು ಕಟ್ಟುವ ಜಾಗವನ್ನೂ ನೋಡಿ ಬಂದು ಬರೆದರು.

ಚಳಿಗಾಲದ ಕಥೆ ರಾಜಸ್ಥಾನದ ಭರತ್‌ಪುರದ್ದು. ಅದು ಅಲ್ಲಿನ ಮಹಾರಾಜರ ಬಾತುಕೋಳಿ ಬೇಟೆಯ ಜಾಗ. 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಅವರ ಬೇಟೆಯ ತಂಡ ಒಂದೇ ದಿನ 4,273 ಹಕ್ಕಿಗಳನ್ನು ಕೊಂದಿತು. ಸಲೀಂ ಅಲಿಗೆ 42 ತುಂಬಿದ ದಿನ ಅದು. ಸ್ವಾತಂತ್ರ್ಯದ ನಂತರ ಆ ಜೌಗನ್ನು ಬರಿದು ಮಾಡಿ ಬೇಸಾಯಕ್ಕೆ ಕೊಡಬೇಕು ಅಂತ ಒತ್ತಡ ಬಂದಾಗ ಅವರು ಪ್ರಧಾನಿ ನೆಹರೂ ಅವರ ಮುಂದೆ ಅದರ ಪರವಾಗಿ ನಿಂತರು. ಜಾಗ ಉಳಿಯಿತು.

ಅಲ್ಲಿ ಹಕ್ಕಿಗಳಿಗೆ ಉಂಗುರ ಹಾಕುವ ದೊಡ್ಡ ಕೆಲಸಕ್ಕೆ ಕಾರಣವಾದದ್ದು ನಮ್ಮ ಮಲೆನಾಡಿನ ಒಂದು ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೂ ಜ್ವರ ಬಂತು. ಅದೇ ಮಂಗನ ಕಾಯಿಲೆ. ಅದರ ವೈರಸ್ ರಷ್ಯಾದ ಕಡೆಯ ಒಂದು ವೈರಸ್ಸಿಗೆ ಹೋಲುತ್ತಿತ್ತು. ವಲಸೆ ಹಕ್ಕಿಗಳ ಮೈಯ ಉಣ್ಣಿಯಲ್ಲಿ ಬಂತೇ ಎಂಬ ಸಂಶಯ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವು ಪಡೆದು ಸಲೀಂ ಅಲಿ ಮತ್ತು ಸೊಸೈಟಿಯವರು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ನಂಬರ್ ಇರುವ ಅಲ್ಯೂಮಿನಿಯಂ ಉಂಗುರ ಹಾಕಿ ಬಿಟ್ಟರು. ಸಿಕ್ಕಿದವರು ಮುಂಬೈಗೆ ತಿಳಿಸಬೇಕು ಎಂಬ ಬರಹ ಅದರ ಮೇಲೆ. ಭರತ್‌ಪುರದಲ್ಲಿ ಉಂಗುರ ತೊಟ್ಟ ಬಾತುಗಳು ದೂರದ ಸೈಬೀರಿಯಾದಲ್ಲಿ ಸಿಕ್ಕಿದ ಸುದ್ದಿ ಬಂತು. ಮಂಗನ ಕಾಯಿಲೆಯ ಮೂಲ ಮಲೆನಾಡಿನ ಕಾಡಿನ ಉಣ್ಣಿ ಮತ್ತು ಪ್ರಾಣಿಗಳಲ್ಲೇ ಇದೆ ಅಂತ ಮುಂದಿನ ಸಂಶೋಧನೆಗಳು ತೋರಿಸಿದವು. ಆದರೆ ಹಕ್ಕಿಗಳ ದಾರಿ ಯಾವುದು ಎಂಬ ತಿಳುವಳಿಕೆ ದೇಶಕ್ಕೆ ದಕ್ಕಿತು.

ದಾಖಲೆ ತಿದ್ದಿದ ನಂಬಿಕೆ

ಭರತ್‌ಪುರದ ಕಥೆಯಲ್ಲಿ ಕಹಿಯೂ ಇದೆ. 1980ರ ದಶಕದ ಆರಂಭದಲ್ಲಿ ಅದು ರಾಷ್ಟ್ರೀಯ ಉದ್ಯಾನವಾದಾಗ ಸುತ್ತಲಿನ ಹಳ್ಳಿಯವರ ಎಮ್ಮೆಗಳನ್ನು ಒಳಗೆ ಬಿಡುವುದನ್ನು ನಿಲ್ಲಿಸಿದರು. ಸಲೀಂ ಅಲಿ ಆ ನಿಷೇಧದ ಪರ ಇದ್ದರು. ಹಳ್ಳಿಯವರು ತಿರುಗಿಬಿದ್ದರು, ಪೊಲೀಸರ ಗುಂಡಿಗೆ ಜೀವಗಳೂ ಹೋದವು. ಆಮೇಲೆ ಅವರದ್ದೇ ಸೊಸೈಟಿಯ ವಿಜ್ಞಾನಿಗಳು ವರ್ಷಾನುಗಟ್ಟಲೆ ನಡೆಸಿದ ಅಧ್ಯಯನದಲ್ಲಿ ಬೇರೆಯೇ ಚಿತ್ರ ಕಂಡಿತು. ಎಮ್ಮೆಗಳು ಮೇಯುವುದು ನಿಂತ ಮೇಲೆ ಹುಲ್ಲು ಬೆಳೆದು ನೀರನ್ನೇ ಮುಚ್ಚಿತ್ತು, ಹಕ್ಕಿಗಳಿಗೆ ಅದರಿಂದ ತೊಂದರೆಯೇ ಆಗಿತ್ತು.

ದೊಡ್ಡವರ ಬಗ್ಗೆ ಬರೆಯುವಾಗ ಇಂಥದ್ದನ್ನು ಬಿಟ್ಟುಬಿಡುವುದುಂಟು. ಬಿಡಬೇಕಾಗಿಲ್ಲ. ಸಲೀಂ ಅಲಿಯ ಅಭಿಪ್ರಾಯವನ್ನು ತಿದ್ದಿದ್ದು ಅವರೇ ಜೀವನವಿಡೀ ಕಲಿಸಿದ ವಿಧಾನ. ಪ್ರತಿ ಋತುವಿನಲ್ಲಿ ನೋಡಿ, ಎಣಿಸಿ, ಬರೆದಿಡುವುದು. ಆ ನೋಟ್‌ಬುಕ್‌ಗೆ ಗುರುವಿನ ಮುಲಾಜು ಇರಲಿಲ್ಲ. ಮೇವು ಕಳೆದುಕೊಂಡ ಹಳ್ಳಿಯವರ ಮಾತಿನಲ್ಲೂ ಸತ್ಯ ಇತ್ತು ಅಂತ ಅದು ತೋರಿಸಿತು.

ಅಮೆರಿಕದ ಡಿಲನ್ ರಿಪ್ಲೆ ಜೊತೆ ಅವರು ಬರೆದ ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳ ಕೈಪಿಡಿ 1968ರಿಂದ 1974ರ ನಡುವೆ ಹತ್ತು ಸಂಪುಟಗಳಲ್ಲಿ ಬಂತು. ಯಾವ ಹಕ್ಕಿ ಎಲ್ಲಿ, ಯಾವ ತಿಂಗಳಲ್ಲಿ, ಗೂಡು ಯಾವಾಗ, ತಿನ್ನುವುದೇನು, ಕೂಗು ಹೇಗೆ ಎಂಬುದೆಲ್ಲ ಅದರಲ್ಲಿದೆ. ಡಿಗ್ರಿ ಇಲ್ಲ ಅಂತ ಕೆಲಸ ಸಿಗದವರಿಗೆ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ 1958ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ವರ್ಷ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ. ಗೆಟ್ಟಿ ಪ್ರಶಸ್ತಿಯ ದೊಡ್ಡ ಮೊತ್ತ ಬಂದಾಗ ಅದನ್ನು ನಿಸರ್ಗ ಸಂರಕ್ಷಣೆಗೇ ಬಿಟ್ಟುಕೊಟ್ಟರು. ಕೇರಳದ ಸೈಲೆಂಟ್ ವ್ಯಾಲಿ ಕಾಡನ್ನು ಅಣೆಕಟ್ಟಿನಿಂದ ಉಳಿಸಲು ದನಿ ಎತ್ತಿದವರಲ್ಲಿ ಅವರೂ ಒಬ್ಬರು. 1985ರಲ್ಲಿ ರಾಜ್ಯಸಭೆಗೆ ನಾಮಕರಣವಾಯಿತು. 1987ರ ಜೂನ್ 20ರಂದು, 90ನೇ ವಯಸ್ಸಿನಲ್ಲಿ, ಮುಂಬೈಯಲ್ಲಿ ತೀರಿಕೊಂಡರು. ಕೇರಳದ ತಟ್ಟೇಕಾಡ್ ಮತ್ತು ಗೋವಾದ ಚೋರಾವ್ ದ್ವೀಪದ ಪಕ್ಷಿಧಾಮಗಳು ಅವರ ಹೆಸರಿನಲ್ಲಿವೆ.

ನಮ್ಮ ಕಡಲ ತೀರದ ಪುಟ

ಒಂದು ವಿಷಯ ಗಮನಿಸಬೇಕು. ಅವರ 1933ರ ಸಮೀಕ್ಷೆ ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳದ್ದು, 1939-40ರದ್ದು ಮೈಸೂರು ಸಂಸ್ಥಾನದ್ದು. ಮಂಗಳೂರು, ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗೆ ಇದ್ದವು. ಬ್ಯಾರಿಗಳ ಈ ನೆಲ ಆ ಎರಡೂ ಸಮೀಕ್ಷೆಗಳ ಗಡಿಯ ಹೊರಗೆ ಉಳಿಯಿತು.

ಆ ಕೊರತೆ ತುಂಬುವ ಕೆಲಸ ನಡೆದಿದೆ. 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಸೇರಿ ಕೇರಳದ ಹಕ್ಕಿಗಳ ಅಟ್ಲಾಸ್ ತಯಾರಿಸಿದರು, ಕಾಸರಗೋಡೂ ಅದರಲ್ಲಿದೆ. ಒಂದು ಸಲ ಬೇಸಿಗೆಯ ಒಣ ದಿನಗಳಲ್ಲಿ, ಇನ್ನೊಂದು ಸಲ ಮಳೆಯಲ್ಲಿ, ಹೀಗೆ ಎರಡೆರಡು ಸಲ ಎಣಿಕೆ. ಅವರಲ್ಲಿ ಹೆಚ್ಚಿನವರು ಬೇರೆ ಬೇರೆ ಉದ್ಯೋಗದಲ್ಲಿದ್ದುಕೊಂಡು ಹವ್ಯಾಸಕ್ಕೆ ಹಕ್ಕಿ ನೋಡುವವರು.

ನಮ್ಮ ಯುವಕರು, ನಮ್ಮ ಹೆಣ್ಣುಮಕ್ಕಳು ಇದಕ್ಕೆ ಕೈ ಹಾಕಬಹುದು. ಮಳೆ ಹಿಡಿದಾಗ ಗದ್ದೆ ಬದಿಯ ಗೀಜಗ ಎಷ್ಟು ಗೂಡು ಕಟ್ಟಿತು? ಮಳೆ ಮುಗಿದ ಮೇಲೆ ತೋಟದ ನೆಲದಲ್ಲಿ ಕುಪ್ಪಳಿಸುವ ಬಣ್ಣಬಣ್ಣದ ನವರಂಗ ಯಾವ ದಿನ ಕಂಡಿತು? ಚಳಿಗಾಲದಲ್ಲಿ ನೇತ್ರಾವತಿ, ಚಂದ್ರಗಿರಿ ನದಿಗಳು ಕಡಲು ಸೇರುವಲ್ಲಿ ಕೆಸರು ಕೆದಕುವ ಸಣ್ಣ ಹಕ್ಕಿಗಳು ಎಷ್ಟಿದ್ದವು? ಬೇಸಿಗೆ ಏರುವಾಗ ಕೋಗಿಲೆಯ ಕೂಗು ಮೊದಲು ಕೇಳಿದ್ದು ಯಾವಾಗ? ಮೊಬೈಲಿನಲ್ಲಿ ಫೋಟೊ ತೆಗೆದು ಸ್ಟೇಟಸ್ ಹಾಕಿದರೆ 24 ಗಂಟೆಯಲ್ಲಿ ಮಾಯ. ದಿನಾಂಕ, ಜಾಗ, ಎಣಿಕೆ ಬರೆದಿಟ್ಟರೆ ಹತ್ತು ವರ್ಷದ ನಂತರ ನಮ್ಮ ಗದ್ದೆ, ಹೊಳೆ, ಕಡಲು ಏನಾಗಿದೆ ಅಂತ ಹೇಳಲು ಒಂದು ಆಧಾರ ಸಿಗ್ತದೆ. ಇವತ್ತಿನ ತಾರೀಕು ಹಾಕಿ ಮೊದಲ ಸಾಲು ಬರೆಯಲು ಅಂಗಳದ ಒಂದು ಕಾಗೆ ಸಾಕು.